ಕಂತಿನ ಹರಕೆ

೧೧-೨-೭೯, ಅಜ್ಜಂಪುರ, ಬೆಳಗ್ಗೆ

ಎರಡು ಮೂಟೆ ರಾಗಿ ಬೀಸಿ, ಮಿಲ್ಲಿನ ಬೀಗ ಬಾಮೈದ ದೇವೀರಪ್ಪನ ಕೈಗೆ ಕೊಟ್ಟೆ. ಬೆಲ್ಟ್ ಜಾರಿದರೆ ರಾಳ ಹಾಕು ಅಂದೆ. ಕೇಳಿಸಿಕೊಳ್ಳಲಿಲ್ಲ, ಅಕ್ಕನನ್ನು ಬೈಯೋದರಲ್ಲಿದ್ದ.

"ಸೊಟ್ಟಗಾಲಲ್ಲಿ ಧರ್ಮಸ್ಥಳಕ್ಕೆ ನಡೀತೀಯೇನಕ್ಕಾ? ಬೀರೂರೂ ಕಾಣಲ್ಲ ನೀನು."

"ನಿನ್ನ ಕಾಲು ನೆಟ್ಟಗಿದೆಯಲ್ಲ, ನೀನು ಎಲ್ಲಿಗೆ ಹೋದೆ?" ಅಂದಳು ಕಾಶಮ್ಮ.

ನನಗೋಸ್ಕರ ಹೊತ್ತ ಹರಕೆ. ಹೋದ ವರ್ಷ ಹಿಟ್ಟಿನ ದೂಳಿಗೆ ಎದೆ ಕಟ್ಟಿ ಮಿಲ್ಲಲ್ಲೇ ಬಿದ್ದಿದ್ದೆ. ಗಂಡ ಉಳಿದರೆ ನಡೆದು ಬತ್ತೀನಿ ಅಂದಳಂತೆ ಸ್ವಾಮಿಗೆ. ಎಡಗಾಲು ಹುಟ್ಟಿದಾಗಿನಿಂದ ಒಳಕ್ಕೆ ತಿರುಚಿದೆ... ಬೇಡಿಕೊಳ್ಳುವಾಗ ಅದೂ ಗೊತ್ತಿತ್ತು ಅವಳಿಗೆ.

೧೩-೨-೭೯, ಅಜ್ಜಂಪುರ, ರಾತ್ರಿ

ಬೀರೂರು ದಾಟಿದ ಮೇಲೆ ಪಾದ ಊದಿತು. ಕಡೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, "ಈ ವರ್ಷಕ್ಕೆ ಇಷ್ಟೇ ಕಣ್ರೀ" ಅಂದಳು.

"ಅಂದ್ರೆ?"

"ಬರೋ ವರ್ಷ ಇಲ್ಲಿಗೆ ರೈಲಲ್ಲಿ ಬಂದು, ಇಲ್ಲಿಂದ ಮುಂದಕ್ಕೆ ನಡೆಯೋದು. ಒಂದೇ ಸಲಕ್ಕೆ ಬತ್ತೀನಿ ಅಂತ ನಾನೇನು ಹೇಳಿಲ್ಲವಲ್ಲ."

ನಗಬೇಕೋ ಕೈ ಮುಗೀಬೇಕೋ ತಿಳೀಲಿಲ್ಲ. ಸಂಜೆ ರೈಲಿಗೆ ವಾಪಸ್. ದೇವೀರಪ್ಪ ಬಾಗಿಲಲ್ಲೇ ಕೇಳಿದ — "ಕಂತಿನ ಹರಕೆಯಾ? ಬಡ್ಡಿ ಎಷ್ಟಕ್ಕಾ?"

೪-೨-೮೦, ಸಖರಾಯಪಟ್ಟಣ

ಕಡೂರಿಂದ ಶುರು. ಬಿಸಿಲು ಜೋರು. ರಸ್ತೆ ಬದಿ ಮನೆಯ ಹಜೀರಾಬಿ ಅನ್ನೋ ಹೆಂಗಸು ನೀರು ಕೊಟ್ಟವರು, ಪಾದ ನೋಡಿ ಎಣ್ಣೆ ಬಿಸಿ ಮಾಡಿ ತಂದು ತಾವೇ ಉಜ್ಜಿದರು. "ಯಾರಿಗೋಸ್ಕರ ತಾಯಿ ಇಷ್ಟು ಕಷ್ಟ?" ಕಾಶಮ್ಮ ನನ್ನ ಕಡೆ ಬೆರಳು ತೋರಿಸಿದಳು. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಈ ಸಣಕಲಿಗಾ?"

ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

೮-೨-೮೨, ಮೂಡಿಗೆರೆ

ಹೋದ ವರ್ಷ ಆಗಲೇ ಇಲ್ಲ. ನನಗೆ ಮತ್ತೆ ಎದೆ, ಆಸ್ಪತ್ರೆ. ಈ ಸಲ, ಆವತ್ತು ನಿಲ್ಲಿಸಿದ್ದ ಚಿಕ್ಕಮಗಳೂರಿಂದ ಹೊರಟೆವು. ಮೊದಲೆಲ್ಲ ನಾನು ಮುಂದೆ ಹೋಗಿ ನಿಂತು ಕಾಯ್ತಿದ್ದೆ. ಈಗ ಅವಳು ಕಾಯ್ತಾಳೆ. ಹಿಂದಿನಿಂದ ನೋಡ್ತಾ ಬಂದೆ. ಬಲಗಾಲು ಇಡ್ತಾಳೆ, ಎಡಗಾಲನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸ್ತಾಳೆ, ಮಗುವನ್ನು ಕೂರಿಸಿದ ಹಾಗೆ. ಹೀಗೇ ಇಷ್ಟು ದೂರ. ಇಷ್ಟು ವರ್ಷ ಒಂದೇ ಮನೇಲಿದ್ದು ಅವಳು ನಡೆಯೋದನ್ನ ನಾನು ನೋಡೇ ಇರಲಿಲ್ಲ.

೬-೨-೮೩, ಕೊಟ್ಟಿಗೆಹಾರ

ಕೊನೆಯ ಕಂತು. ಮೂಡಿಗೆರೆಯಿಂದ ಇಲ್ಲೀವರೆಗೆ ಜೊತೆಗೇ ನಡೆದೆವು. ಚಾರ್ಮಾಡಿ ಘಾಟಿ ಇಳಿಯೋದು ನನಗೆ ಬೇಡ ಅಂದಿದಾರೆ ಡಾಕ್ಟ್ರು. ತರೀಕೆರೆ ಕಡೆಯ ಹೆಂಗಸರ ಗುಂಪು ಸಿಕ್ತು. ಅವರ ಹಿರಿಯಾಕೆ ಅಂಜಿನಮ್ಮ, "ನಿಮ್ಮ ಯಜಮಾನ್ತಿನ ಜೋಪಾನವಾಗಿ ಕರಕೊಂಡು ಹೋಗ್ತೀವಿ ಬಿಡಿ" ಅಂದರು. ಅವಳೇ ಎಲ್ಲರಿಗಿಂತ ಮುಂದೆ ಹೊರಟಳು. ಹೋಟೆಲಿನವರ ಹಿಂದಿನ ರೂಮಲ್ಲಿ ನಾನು. ಮಂಜು. ಕೆಮ್ಮು.

೯-೨-೮೩, ಕೊಟ್ಟಿಗೆಹಾರ, ಮಧ್ಯಾಹ್ನ

ಬಸ್ಸಿಂದ ಇಳಿದಳು. ಒಬ್ಬಳೇ.

"ದರ್ಶನ ಆಯ್ತಾ?"

"ಇಲ್ಲ. ನೇತ್ರಾವತೀಲಿ ಸ್ನಾನ ಮಾಡಿ, ಈ ದಡದಿಂದಲೇ ಕೈ ಮುಗಿದು ಬಂದೆ. ಅವರೆಲ್ಲ ಹೊಳೆ ದಾಟಿ ಹೋದ್ರು."

"ಕಾಲು ನೋವಾ?"

"ಕಾಲು ಚೆನ್ನಾಗೇ ಇತ್ತು." ಟೀ ಆರಿಸಿಕೊಂಡು ಕುಡಿದಳು. "ನಡೆದು ಮುಗಿಸಿಬಿಟ್ರೆ ಸ್ವಾಮಿದೂ ನಂದೂ ಚುಕ್ತಾ. ಆಮೇಲೆ ನಿಮ್ಮನ್ನ ಯಾಕೆ ನೋಡ್ಕೊಂತಾನೆ? ಅದಕ್ಕೇ ಒಂದಿಷ್ಟು ಉಳಿಸಿ ಬಂದಿದೀನಿ."

"ದೇವರಿಗೇ ಮೋಸವೇನೇ?"

"ಮೋಸ ಯಾಕೆ? ನಡೆಯಲ್ಲ ಅಂದಿಲ್ಲವಲ್ಲ."

ಇಂಥ ಬುದ್ಧಿ ನನಗೆ ಸಾಯೋವರೆಗೂ ಬರಲ್ಲ.

೧೬-೨-೮೬, ಅಜ್ಜಂಪುರ, ಬೆಳಗ್ಗೆ

ವರ್ಷ ವರ್ಷ ಬಸ್ಸಲ್ಲಿ ಹೋಗಿ ನಾಲ್ಕು ಹೆಜ್ಜೆ ಮುಂದೆ ನಡೆದು ಬರ್ತಾಳೆ. ಹೊಳೆ ದಾಟಿ ಆಯ್ತು. ನನ್ನ ಉಸಿರು ಈಚೆಗೆ ಮಿಲ್ಲಿನ ಹಳೇ ಬೆಲ್ಟು... ಆದರೂ ಓಡ್ತಿದೆ.

"ಇನ್ನೆಷ್ಟು ಉಳಿದಿದೆ ಅಕ್ಕಾ?" ಅಂದ ದೇವೀರಪ್ಪ.

"ನಿಮ್ಮ ಭಾವನ್ನ ನೋಡಿಕೊಂಡು ನಡೀತೀನಿ ಕಣೋ."

ಈ ವರ್ಷ ಮುಗಿಸಿಬಿಡೇ ಅಂದೆ. ಎಲ್ಲಿ ಕೇಳ್ತಾಳೆ. ರೊಟ್ಟಿ ಕಟ್ಟಿಕೊಂಡಿದಾಳೆ, ಇಬ್ಬರಿಗಾಗುವಷ್ಟು. ಘಾಟಿ ಬಸ್ಸಲ್ಲೇ ಇಳಿದರಾಯ್ತು, ಗುಡಿ ಕಾಣೋ ತನಕ ಕೈ ಹಿಡಕೊಂಡು ಬನ್ನಿ, ಒಳಗೆ ಮಾತ್ರ ಬೇಡ ಅಂತಾಳೆ. ನಾನೂ ಚಪ್ಪಲಿ ಮೆಟ್ಟಿದೀನಿ, ಬಸ್ಸಿಗೆ ಹೊತ್ತಾಯ್ತು.