ಟಾವರ್ ಗುಡ್ಡದ ಕೆಂಪು ದೀಪ

ಹಾಲೋಲ್
5 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಅರ್ಚಿತಾ,

ನಿನ್ನ ಕೆಮ್ಮು ಹೇಗಿದೆ? ಕತಾರ್‌ಗಾಮ್‌ನ ಆ ರೂಮಿಗೆ ಕಿಟಕಿ ಒಂದೇ ಎಂದಿದ್ದೆ, ಹಗಲಲ್ಲಾದರೂ ತೆರೆದಿಡು. ನನ್ನ ಮಂಡಿನೋವು ಮೊದಲಿನಷ್ಟೇ ಇದೆ. ಅಪ್ಪ ಆರಾಮವಾಗಿದ್ದಾರೆ, ಕೇಳಿದವರಿಗೆಲ್ಲ ಹಾಗೇ ಹೇಳುತ್ತಾರೆ. ದೀಪಾವಳಿಗೆ ನಿನ್ನನ್ನು ಕರೆತರಲು ಸೂರತ್‌ವರೆಗೆ ತಾವೇ ಕಾರು ಓಡಿಸುತ್ತಾರಂತೆ. "ಹೈವೇ ತಾನೇ ಪದ್ಮಾ, ಕಣ್ಣು ಮುಚ್ಚಿಕೊಂಡು ಹೋಗಬಹುದು" ಎನ್ನುತ್ತಾರೆ. ಈ ಕಾಗದ ಅದಕ್ಕಾಗಿಯೇ. ಫೋನ್ ಮಾಡಿದರೆ ಅವರೇ ಎತ್ತಿ ಸ್ಪೀಕರ್ ಹಾಕುತ್ತಾರೆ, ನಿನಗೆ ಗೊತ್ತು. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಆಯುಧಪೂಜೆಯ ದಿನ ಟಾವರ್ ಗುಡ್ಡಕ್ಕೆ ಹೋಗಿದ್ದೆವು. ನೌಕರಿಯಲ್ಲಿದ್ದಾಗ ಅಪ್ಪ ಅಲ್ಲಿನ ಯಂತ್ರಗಳಿಗೆ ಪ್ರತಿವರ್ಷ ಕುಂಕುಮ ಹಚ್ಚುತ್ತಿದ್ದದ್ದು ನೆನಪಿದೆಯಲ್ಲ, ನೀನು ಸಕ್ಕರೆ ಹಂಚುತ್ತಿದ್ದೆ. ಈಗ ಯಂತ್ರಗಳಿಲ್ಲ, ಟಾವರ್ ಮಾತ್ರ ನಿಂತಿದೆ. ರಿಕ್ಷಾದವರಿಗೆ ನಮ್ಮ ಮನೆಯ ಗುರುತು ಇಂದಿಗೂ ಅದೇ. ಅಪ್ಪ ಅದರ ಕಂಬವನ್ನು ಅಂಗೈಯಿಂದ ಸವರಿ, ಬೋಲ್ಟ್ ಸಿಕ್ಕಮೇಲೆ ಕುಂಕುಮ ಇಟ್ಟರು. ಮುದ್ದಿನಿಂದ ಸವರುತ್ತಿದ್ದಾರೆ ಅಂದುಕೊಂಡೆ.

ಅವರು ತೆಂಗಿನಕಾಯಿ ಒಡೆಯಲು ಕಲ್ಲು ಹುಡುಕುತ್ತಾ ಆಚೆ ಹೋದಾಗ ಕಾವಲುಗಾರನನ್ನು ಮಾತಾಡಿಸಿದೆ. ದಿನಾ ಸಂಜೆ ಮೇಲಿನ ಕೆಂಪು ದೀಪ ಹೊತ್ತಿಸುವವರು ನೀವೇ ಏನು ಎಂದು ಕೇಳಿದೆ. ಅವನು ನಕ್ಕುಬಿಟ್ಟ. "ಕೌನ್ ಸೀ ಬತ್ತಿ, ಬೆನ್? ವೋ ತೋ ಹೋಳೀ ಸೇ ಬಂದ್ ಪಡೀ ಹೈ!"

ಹೋಳಿಯಿಂದ ಆ ದೀಪ ಹತ್ತಿಲ್ಲ. ಅಪ್ಪನಾದರೋ ದಿನವೂ ಟೆರೇಸಿನಲ್ಲಿ ನಿಂತು "ನೋಡೇ, ದೀಪ ಹತ್ತಿತು, ಕಾಫಿ ಇಡು" ಎನ್ನುತ್ತಾರೆ. ನಾನು ಬಟ್ಟೆ ಮಡಚುತ್ತಾ ಹೂಂ ಎನ್ನುತ್ತೇನೆ. ಇಷ್ಟು ತಿಂಗಳಲ್ಲಿ ಒಂದು ಸಲವೂ ತಲೆಯೆತ್ತಿ ನೋಡಿಲ್ಲ. ಪೇಪರ್ ಓದಿ ಹೇಳು ಎಂದು ಅವರು ಕೇಳಿದಾಗ ಸೋಮಾರಿತನ ಎಂದು ಗದರಿದ್ದೂ ಉಂಟು.

ಬರುವಾಗ ಊರವರೆಗೂ ಒಂದು ಟ್ರ್ಯಾಕ್ಟರಿನ ಹಿಂದೆಯೇ ಕಾರು ಓಡಿಸಿಕೊಂಡು ಬಂದರು, ಓವರ್‌ಟೇಕ್ ಮಾಡಲೇ ಇಲ್ಲ. ನಿನ್ನ ಅಪ್ಪ, ಟ್ರ್ಯಾಕ್ಟರಿನ ಹಿಂದೆ! ಅಂದು ಸಂಜೆ ಟೆರೇಸಿನಲ್ಲಿ ನಾನೂ ಗುಡ್ಡದ ಕಡೆ ನೋಡಿದೆ. ಅಲ್ಲಿ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ. ಅವರು "ಹತ್ತಿತು" ಎಂದರು. ನಾನು ಕೆಳಗಿಳಿದು ಕಾಫಿ ಇಟ್ಟೆ.

ಊಟ ಬಿಡಬೇಡ. ನಿನ್ನ ರೂಮಿನ ನೇಹಾಗೆ ಚಕ್ಕುಲಿ ಕಳಿಸುತ್ತೇನೆಂದು ಹೇಳು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ.: ಎರಡು ದಿನ ಮೊದಲೇ ರಜೆ ಹಾಕಿ ರೈಲಿನಲ್ಲಿ ಬಾ. ಬಂದವಳೇ ಅಪ್ಪನಿಗೆ "ನನ್ನ ಕಣ್ಣು ಉರಿಯುತ್ತಿದೆ, ವಡೋದರಾದಲ್ಲಿ ಡಾಕ್ಟರಿಗೆ ತೋರಿಸಬೇಕು, ಜೊತೆಗೆ ಬನ್ನಿ" ಎನ್ನು. ತಮಗಾದರೆ ಬರುವುದಿಲ್ಲ, ನಿನಗಾದರೆ ಬರುತ್ತಾರೆ. ಅಲ್ಲಿ ಕೂತಮೇಲೆ ನಿಮ್ಮದೂ ನೋಡಿಸಿ ಎಂದರೆ ಆಯಿತು. ಕಾರಿನ ಕೀ ಅಕ್ಕಿ ಡಬ್ಬಿಯಲ್ಲಿಟ್ಟಿದ್ದೇನೆ, ಮೂರು ದಿನದಿಂದ ಹುಡುಕುತ್ತಿದ್ದಾರೆ. ಇಷ್ಟು ಬರೆಯುವಷ್ಟರಲ್ಲಿ ಬಂದು ಈ ಹಾಳೆಯನ್ನೇ ಎತ್ತಿಕೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು, "ಏನೇ, ಮಗಳಿಗೆ ನನ್ನ ಮೇಲೆ ಚಾಡಿಯಾ?" ಎಂದು ನಗುತ್ತಾ ವಾಪಸು ಕೊಟ್ಟರು. ಒಂದಕ್ಷರವೂ ಕಂಡಿಲ್ಲ. ಇವತ್ತೇ ಟಿಕೆಟ್ ತೆಗೆ.