ಒಳಗಿನ ಚಿಲಕ

ಅಪ್ಪನಿಗೆ ನಮಸ್ಕಾರ.

ನಿಮ್ಮ ಅಳಿಯ ಜಾದೂ ಪ್ರದರ್ಶನಕ್ಕೆ ನಿಮ್ಮ ಕೈಲೇ ಇನ್ನೊಂದು ಆಳೆತ್ತರದ ಪೆಟ್ಟಿಗೆ ಮಾಡಿಸ್ತಾರಂತೆ. ನಿಮ್ಮ ಕೆಲಸಕ್ಕೆ ಹೆಸರಿಡೋ ಹಾಗೇ ಇಲ್ಲ ಬಿಡಿ. ಹಳೇ ಪೆಟ್ಟಿಗೆ ಹನ್ನೆರಡು ವರ್ಷ ನನ್ನನ್ನ ಮಾಯ ಮಾಡಿದ್ರೂ ಒಂದು ಮೊಳೆ ಅಲುಗಿಲ್ಲ. ಆದರೆ ಅದಕ್ಕೆ ಚಿಲಕ ಹೊರಗಡೆ ಮಾತ್ರ. ಅವರಿಗೆ ಸಿಟ್ಟು ಬಂದ ದಿನ ಅದನ್ನ ತೆಗೆಯೋದು ತಡ ಆಗುತ್ತೆ. ಒಳಗಿಂದ ಬಡಿದ್ರೆ ಗುಟ್ಟು ರಟ್ಟಾಗುತ್ತೆ ಅಂತ ಉಸಿರು ಬಿಗಿಹಿಡಿದು ನಿಂತಿರ್ತೀನಿ. ಇದು ಅಮ್ಮನಿಗೆ ಗೊತ್ತಾಗೋದು ಬೇಡ.

ಈ ಸಲ ಒಳಗೂ ಒಂದು ಚಿಲಕ ಇಡಿ, ಅವರ ಕಣ್ಣಿಗೆ ಬೀಳದ ಹಾಗೆ. ಒಂದೇ ಬೆರಳಿಗೆ ಸರಿಯಲಿ. ನನ್ನ ಎತ್ತರಕ್ಕೆ ಬೇಡ, ಎರಡು ಗೇಣು ಕೆಳಗೆ ಇಡಿ. ಮುಂದಿನ ತಿಂಗಳಿಂದ ಒಳಗೆ ನಿಲ್ಲೋದು ನಿಮ್ಮ ಮೊಮ್ಮಗಳಂತೆ.

ಇಂತಿ,
ನಿಮ್ಮ ಮಗಳು