ಅವ್ವನ ಅಳತಿಗೆ ಮೇಜು

ರೀ, ಎದ್ದ ಕೂಡ್ಲೆ ಇದನ್ನ ಓದ್ರಿ. ನಾನು ಏಳರ ಎಸ್‌ಟಿ ಬಸ್ಸಿಗೆ ಸೊಲ್ಲಾಪುರಕ್ಕ ಹೊಂಟೀನಿ. ಚಹಾ ಥರ್ಮಾಸಿನ್ಯಾಗ ಐತಿ.

ಹಿತ್ತಲದಾಗ ಬಾರ್ಬೆಕ್ಯೂ ಶೇಗಡಿ ಬಾಜೂಕ ನೀವು ಮಾಡಿದ ಮೇಜು ಚಂದ ಐತಿ, ಖರೆ. ಆದ್ರ ಅದು ನಿಮ್ಮ ಸೊಂಟದ ಅಳತಿ. ನಿಮ್ಮ ಅವ್ವ ಎಂದೂ ನಿಂತು ರೊಟ್ಟಿ ಬಡದವರಲ್ಲ. ನಿನ್ನೆ ಅದರ ಮ್ಯಾಲ ಬಡದ ಎರಡೂ ರೊಟ್ಟಿ ಹರದ್ವು. ಅವ್ವ ಹಿಟ್ಟು ಮುಚ್ಚಿಟ್ಟು ಒಳಗ ಹೋದ್ರು. ನೀವು ಮಟನ್ ತಿರುವ್ಕೋತ ನಿಂತಿದ್ರಿ, ನೋಡಲಿಲ್ಲ.

ಇವತ್ತ ಮೇಜಿನ ನಾಲ್ಕೂ ಕಾಲು ಕಡೀರಿ. ಒಂದು ಕಾಲಿಗೆ ದಾರ ಕಟ್ಟೀನಿ, ಅಷ್ಟ ಎತ್ತರ ಇರ್ಲಿ. ಶೇಗಡಿನೂ ಇಟ್ಟಂಗಿ ಮ್ಯಾಲ ಇಳಸ್ರಿ. ನೀವೂ ಕುಂತು ಸುಡೋದು ಕಲೀರಿ.

ಯಾಕ ಕಡದಿ ಅಂತ ಅವ್ವ ಕೇಳಿದ್ರ ಹುಳ ಹತ್ತಿತ್ತು ಅನ್ರಿ. ತನ್ನ ಸಲುವಾಗಿ ಅಂದ್ರ ಬ್ಯಾಡ ಅಂತಾರ.

ನಿನ್ನೆ ಸಂಜಿಕ ಅವರು ಕಟಗಿ ಮಣಿ ಮ್ಯಾಲ ಕುಂತಾಗ ದಾರ ಹಿಡದು ಅಳದೆ. ಏನದು ಅಂದ್ರು. ಕುಬಸ ಹೊಲಸ್ತೀನಿ ಅಂತ ಸುಳ್ಳು ಹೇಳಿದೆ. ಈಗ ಕುಬಸದ ಅರಿವಿ ತರೂದೂ ಬಂತು.

ನೆಲದಿಂದ ಮೊಳಕೈ ಮಟ ಅಳದ್ರ ಎಂಥಾ ಕುಬಸ ಆಗ್ತೈತಿ ಅಂತ ಅವರು ಕೇಳಲಿಲ್ಲ. ಹಸರಂದು ತಾ ಅಂದ್ರು, ಅಷ್ಟ.

ಸಾರಿಕಾ